ಮೂಗಿನ ಮೇಲೆ ಏಳು ಲೋಗೊ, ಒಳಗೆ ಒಂದೇ ಕಾರು: ಟೂರಿಂಗ್ ಕಾರ್ ರೇಸ್‌ಗಳ ಬಗ್ಗೆ ಒಬ್ಬ ಗಿರಾಕಿಯ ವಿಮರ್ಶೆ

ಮೊದಲೇ ಹೇಳಿಬಿಡುತ್ತೇನೆ, ಇದು ಕಾರಿನ ವಿಮರ್ಶೆ ಅಲ್ಲ. ಟೂರಿಂಗ್ ಕಾರ್ ರೇಸ್, ಅಂದರೆ ಶೋರೂಮಿನಲ್ಲಿ ಸಿಗುವಂಥ ಮನೆ ಕಾರುಗಳನ್ನು ರೇಸಿಗೆ ತಕ್ಕ ಹಾಗೆ ಬದಲಿಸಿ ಓಡಿಸುವ ಆಟ, ಆ ಸರಕಿನ ವಿಮರ್ಶೆ. ಚಂದಾ ಕಟ್ಟಿ, ವಾರಾಂತ್ಯದ ನಿದ್ದೆ ಕೆಡಿಸಿಕೊಂಡು ನೋಡುವವನು ನಾನು, ಹಾಗಾಗಿ ಗಿರಾಕಿಗೆ ಇರುವ ಹಕ್ಕಿನಿಂದಲೇ ಬರೆಯುತ್ತಿದ್ದೇನೆ. ಬ್ರಿಟನ್ನಿನ ಬಿಟಿಸಿಸಿ, ಆಸ್ಟ್ರೇಲಿಯಾದ ಸೂಪರ್‌ಕಾರ್ಸ್, ಹತ್ತಾರು ದೇಶಗಳಲ್ಲಿ ಓಡುವ ಟಿಸಿಆರ್, ಜರ್ಮನಿಯ ಡಿಟಿಎಂ, ಇವುಗಳ ಈಚಿನ ರೇಸ್‌ಗಳನ್ನೂ ಹಳೆಯ ರೆಕಾರ್ಡಿಂಗ್‌ಗಳನ್ನೂ ಕೆಲವು ತಿಂಗಳು ಪಕ್ಕಪಕ್ಕದಲ್ಲಿ ಇಟ್ಟುಕೊಂಡು ನೋಡಿದೆ.

ಈ ಹುಚ್ಚು ಹತ್ತಿಸಿದ್ದು ನಮ್ಮ ಅಕ್ಕನ ಮಗ. ಎಂಟು ವರ್ಷ. ಒಂದು ದಿನ ನನ್ನ ಪಕ್ಕ ಕೂತು ಟಿಸಿಆರ್ ರೇಸ್ ನೋಡುತ್ತಿದ್ದ. ಮೂರು ಲ್ಯಾಪ್ ಸುಮ್ಮನಿದ್ದ. ಆಮೇಲೆ ಕೇಳಿದ, "ಮಾಮ, ಇವೆಲ್ಲಾ ಒಂದೇ ಕಾರಲ್ವಾ? ಬಣ್ಣ ಮಾತ್ರ ಬೇರೆ ಬೇರೆ ಹಚ್ಚಿದಾರಾ?"

ಇಲ್ಲ ಕಣೋ, ಅದು ಹೋಂಡಾ, ಇದು ಹ್ಯುಂಡೈ, ಹಿಂದೆ ಬರ್ತಿರೋದು ಆಡಿ ಅಂತ ಬೆರಳು ಮಾಡಿ ತೋರಿಸಿದೆ. ತೋರಿಸುತ್ತಲೇ ನನಗೂ ಅನುಮಾನ ಬಂತು. ನಾನು ಗುರುತು ಹಿಡಿಯುತ್ತಿದ್ದದ್ದು ಗ್ರಿಲ್ ನೋಡಿ, ಹೆಡ್‌ಲೈಟ್ ನೋಡಿ, ಬಾಗಿಲ ಮೇಲಿನ ಸ್ಟಿಕರ್ ನೋಡಿ. ಕಾರು ಓಡುವ ರೀತಿ ನೋಡಿ ಅಲ್ಲವೇ ಅಲ್ಲ.

ಅಲ್ಲಿಂದ ನನ್ನದೇ ಎರಡು ಪರೀಕ್ಷೆ ಶುರು ಮಾಡಿದೆ. ಒಂದು, ಕಣ್ಣು ಮುಚ್ಚಿಕೊಂಡು ಬರೀ ಸದ್ದು ಕೇಳುವುದು: ಯಾವ ಕಾರು ಹೋಯಿತು ಅಂತ ಗೊತ್ತಾಗುತ್ತಾ? ಇನ್ನೊಂದು, ಸದ್ದು ಪೂರ್ತಿ ಇಳಿಸಿ, ಕಾಮೆಂಟರಿ ಇಲ್ಲದೆ, ಲೋಗೊ ಕಾಣದಷ್ಟು ದೂರದ ಶಾಟ್ ನೋಡುವುದು: ತಿರುವಿನಲ್ಲಿ ಕಾರು ನಡೆದುಕೊಳ್ಳುವ ರೀತಿಯಲ್ಲೇ ಇದು ಇಂಥದ್ದು ಅಂತ ಹೇಳಬಹುದಾ? ಟೂರಿಂಗ್ ಕಾರ್ ರೇಸ್‌ಗೆ ಇನ್ನೂ ಜಾಸ್ತಿ ಬಗೆಯ ಕಾರುಗಳು ಬೇಕು ಅಂತ ಅಭಿಮಾನಿಗಳು ಗೊಣಗುತ್ತಲೇ ಇರುತ್ತಾರೆ. ಹಾಗೆ ಗೊಣಗುವವರು ಕಂಪನಿಗಳ ಹೆಸರು ಎಣಿಸುತ್ತಾರೆ. ನಾನು ಎಣಿಸಹೊರಟಿದ್ದು ಬೇರೆ.

ಮೊದಲು ಟಿಸಿಆರ್. 2015ರಲ್ಲಿ ಶುರುವಾದ ಸೂತ್ರ ಇದು. ಕಂಪನಿ ಕಾರು ಕಟ್ಟಿ ಮಾರುತ್ತದೆ, ಖಾಸಗಿ ತಂಡ ಕೊಂಡು ಓಡಿಸುತ್ತದೆ, ಅದೇ ಕಾರನ್ನು ಇನ್ನೊಂದು ದೇಶದ ಸರಣಿಗೂ ತೆಗೆದುಕೊಂಡು ಹೋಗಬಹುದು. ವ್ಯಾಪಾರದ ಲೆಕ್ಕದಲ್ಲಿ ಇದು ನಿಜಕ್ಕೂ ಜಾಣ ಕೆಲಸ. ಅದಕ್ಕೇ ಅಷ್ಟೊಂದು ದೇಶಗಳಿಗೆ ಹಬ್ಬಿತು. ಟಿಸಿಆರ್ ಕಾರುಗಳ ವಿಶ್ವ ಮಟ್ಟದ ಸರಣಿ ಡಬ್ಲ್ಯುಟಿಸಿಆರ್, ಅದರ 2019ರ ಗ್ರಿಡ್, ಅಂದರೆ ರೇಸ್ ಶುರುವಿಗೆ ನಿಂತ ಕಾರುಗಳ ಸಾಲು, ತೆಗೆದು ನೋಡಿ: ಹೋಂಡಾ ಸಿವಿಕ್, ಹ್ಯುಂಡೈ ಐ30, ಆಡಿ ಆರ್‌ಎಸ್3, ಕುಪ್ರಾ, ಫೋಕ್ಸ್‌ವ್ಯಾಗನ್ ಗಾಲ್ಫ್, ಲಿಂಕ್ ಆಂಡ್ ಕೋ 03, ಆಲ್ಫಾ ರೋಮಿಯೊ ಜೂಲಿಯೆಟಾ. ಏಳು ಲೋಗೊ. ಪಟ್ಟಿ ನೋಡಿದರೆ ಯಾರಿಗಾದರೂ ಹಬ್ಬ ಅನ್ನಿಸಬೇಕು.

ಈಗ ಬಾನೆಟ್ ಎತ್ತಿ. ಎಲ್ಲದರಲ್ಲೂ ನಾಲ್ಕು ಸಿಲಿಂಡರ್, ಎರಡು ಲೀಟರ್ ಮೀರದ ಟರ್ಬೊ ಪೆಟ್ರೋಲ್ ಎಂಜಿನ್. ಎಲ್ಲದರಲ್ಲೂ ಮುಂದಿನ ಚಕ್ರವೇ ಎಳೆಯುವುದು. ಎಲ್ಲದಕ್ಕೂ ಹೆಚ್ಚುಕಮ್ಮಿ 340 ಕುದುರೆ ಶಕ್ತಿ. ಅದರಲ್ಲೂ ಆಡಿ, ಕುಪ್ರಾ, ಗಾಲ್ಫ್ ಮೂರೂ ಒಂದೇ ಫೋಕ್ಸ್‌ವ್ಯಾಗನ್ ಮನೆಯ ಮಕ್ಕಳು, ಅಡಿಪಾಯದಿಂದ ಎಂಜಿನ್‌ವರೆಗೆ ಹಂಚಿಕೊಂಡು ಹುಟ್ಟಿದವು. ಮೂರು ಹೆಸರು, ಮನೆ ಒಂದೇ. ಇಷ್ಟರ ಮೇಲೂ ಯಾವುದಾದರೂ ಕಾರು ಸ್ವಲ್ಪ ಮುಂದೆ ಹೋಯಿತೋ, ಬ್ಯಾಲೆನ್ಸ್ ಆಫ್ ಪರ್ಫಾರ್ಮೆನ್ಸ್ ಅಂತ ಒಂದು ತಕ್ಕಡಿ ಇದೆ. ತೂಕ ಹೇರುತ್ತಾರೆ, ಕಾರಿನ ಎತ್ತರ ಬದಲಿಸುತ್ತಾರೆ, ಶಕ್ತಿ ಕತ್ತರಿಸುತ್ತಾರೆ. ಅಲ್ಲಿಗೆ ಎಲ್ಲಾ ಸಮ.

ನನ್ನ ಪರೀಕ್ಷೆಯಲ್ಲಿ ಟಿಸಿಆರ್ ಎರಡರಲ್ಲೂ ಫೇಲ್. ಕಣ್ಣು ಮುಚ್ಚಿದರೆ ಒಂದೇ ಗುಂಯ್, ಒಂದೇ ಗೇರ್ ಬದಲಾಗುವ ಪಟಪಟ. ದೂರದ ಶಾಟ್‌ನಲ್ಲಿ ಎಲ್ಲವೂ ಒಂದೇ ಥರ ಒಳಗಿನ ಹಿಂಚಕ್ರ ಎತ್ತಿಕೊಂಡು ತಿರುಗುತ್ತವೆ, ಪಾಪ ಅವು ತಾನೇ ಏನು ಮಾಡಬೇಕು. ಶುರುವಿನ ದಿನಗಳಲ್ಲಿ ಇಟಲಿಯ ತಂಡವೊಂದು ಸುಬಾರು ಡಬ್ಲ್ಯುಆರ್‌ಎಕ್ಸ್ ಎಸ್‌ಟಿಐ ತಂದಿತ್ತು. ನಾಲ್ಕೂ ಚಕ್ರಕ್ಕೆ ಬಲ ಕೊಡುವುದಕ್ಕೇ ಹೆಸರಾದ ಕಾರು ಅದು. ನಿಯಮ ಹೇಳುತ್ತದೆ ಅಂತ ಅದನ್ನೂ ಮುಂದಿನ ಚಕ್ರದ್ದಾಗಿ ಮಾಡಿ ಓಡಿಸಿದರು. ಹುಲಿಗೆ ಹಲ್ಲು ಕಿತ್ತು, ಪಟ್ಟೆ ಮಾತ್ರ ಉಳಿಸಿದ ಹಾಗೆ. ಐದಕ್ಕೆ ಎರಡೂವರೆ ಅಂಕ ಕೊಡುತ್ತೇನೆ. ರೇಸ್ ಕೆಟ್ಟದಾಗಿರುತ್ತದೆ ಅಂತಲ್ಲ, ಬಂಪರ್‌ಗೆ ಬಂಪರ್ ತಾಗಿಸಿ ಹೋಗುವ ಜಗಳ ಬೇಕಾದಷ್ಟಿದೆ. ಆದರೆ ಎಲ್ಲರೂ ಒಂದೇ ಜಾಗದಲ್ಲಿ ಬ್ರೇಕ್ ಹಿಡಿದು, ಒಂದೇ ಜಾಗದಲ್ಲಿ ಆಕ್ಸಿಲರೇಟರ್ ಒತ್ತುವುದರಿಂದ ಓವರ್‌ಟೇಕ್ ಆಗಬೇಕೆಂದರೆ ಒಬ್ಬ ತಪ್ಪಬೇಕು, ಇಲ್ಲ ಒಬ್ಬ ಗುದ್ದಬೇಕು.

ಮುಂದಿನದು ಬಿಟಿಸಿಸಿ. ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ, ಯಾಕೆಂದರೆ ಕಾಗದದ ಮೇಲೆ ಇದು ಟಿಸಿಆರ್‌ಗಿಂತಲೂ ಹೆಚ್ಚು ಅಚ್ಚಿನಲ್ಲಿ ಎರೆದ ಸರಣಿ. 2011ರಿಂದ ಬಂದ ಎನ್‌ಜಿಟಿಸಿ ಅನ್ನುವ ನಿಯಮದಲ್ಲಿ ಮುಂದಿನ ಹಿಂದಿನ ಸಬ್‌ಫ್ರೇಮ್ (ಚಕ್ರದ ಜೋಡಣೆಯನ್ನು ಹಿಡಿದಿಡುವ ಚೌಕಟ್ಟು), ಗೇರ್‌ಬಾಕ್ಸ್, ಬ್ರೇಕ್, ಟರ್ಬೊ, ಎಲೆಕ್ಟ್ರಾನಿಕ್ಸ್ ಎಲ್ಲಾ ಎಲ್ಲರಿಗೂ ಒಂದೇ. ಸ್ವಂತ ಎಂಜಿನ್ ಕಟ್ಟಲು ಆಗದ ತಂಡ ಆಯೋಜಕರು ಒದಗಿಸುವ ಎಂಜಿನ್ನನ್ನೇ ಬಾಡಿಗೆಗೆ ತಗೊಂಡು ಕೂರಿಸಬಹುದು. ಹಾಗಾದರೆ ಇದು ಇನ್ನೂ ಬೋರ್ ಆಗಬೇಕಿತ್ತು ಅಲ್ವಾ? ಆಗಿಲ್ಲ. ಕಾರಣ ಒಂದೇ ಒಂದು ಬಾಗಿಲನ್ನು ಅವರು ತೆರೆದಿಟ್ಟಿದ್ದಾರೆ: ಕಾರು ಮುಂದಿನ ಚಕ್ರದ್ದೂ ಆಗಬಹುದು, ಹಿಂದಿನ ಚಕ್ರದ್ದೂ ಆಗಬಹುದು.

ಈ ಒಂದು ವ್ಯತ್ಯಾಸ ಏನು ಮಾಡುತ್ತದೆ ಅಂತ ನೋಡಬೇಕೆಂದರೆ ರೇಸ್‌ನ ಮೊದಲ ಐದು ಸೆಕೆಂಡ್ ಸಾಕು. ಕೆಂಪು ದೀಪ ಆರಿತು. ಎಲ್ಲರೂ ಕ್ಲಚ್ ಬಿಟ್ಟರು. ಕಾರು ಮುಂದೆ ಚಿಮ್ಮುವಾಗ ಭಾರ ಹಿಂದಕ್ಕೆ ಜಾರುತ್ತದೆ. ಬಿಎಂಡಬ್ಲ್ಯುಗೆ ಅದು ವರ, ಯಾಕೆಂದರೆ ಅದರ ತಳ್ಳುವ ಚಕ್ರ ಇರುವುದೇ ಅಲ್ಲಿ, ಭಾರ ಬಿದ್ದಷ್ಟೂ ಟೈರು ನೆಲ ಕಚ್ಚುತ್ತದೆ. ಪಕ್ಕದ ಹೋಂಡಾದ ಮುಂದಿನ ಚಕ್ರದ ಮೇಲೆ ಅದೇ ಕ್ಷಣ ಭಾರ ಕಮ್ಮಿ, ಟೈರು ಒಂದು ಸುತ್ತು ಸುಮ್ನೆ ತಿರುಗಿ ಹೊಗೆ ಬಿಡುತ್ತದೆ. ಅಷ್ಟರಲ್ಲಿ ಮೂರನೇ ಸಾಲಿನ ಬಿಎಂಡಬ್ಲ್ಯು ಎರಡು ಕಾರುಗಳ ನಡುವೆ ನುಗ್ಗಿ ಮೊದಲ ತಿರುವಿಗೆ ಎರಡನೆಯದಾಗಿ ಇಳಿದಿರುತ್ತದೆ. ಆದರೆ ಕತೆ ಅಲ್ಲಿಗೆ ಮುಗಿಯುವುದಿಲ್ಲ. ತಂಪು ದಿನವಾದರೆ ಮುಂದಿನ ಚಕ್ರದ ಕಾರು ಆ ಟೈರುಗಳನ್ನು ಬೇಗ ಬಿಸಿ ಮಾಡಿಕೊಂಡು ಎರಡು ಮೂರು ಲ್ಯಾಪ್‌ನಲ್ಲಿ ಬೆನ್ನು ಹತ್ತುತ್ತದೆ. ಇನ್ನಷ್ಟು ಲ್ಯಾಪ್ ಆದರೆ ಎಳೆಯುವುದೂ ತಿರುಗಿಸುವುದೂ ಎರಡೂ ಕೆಲಸ ಅದೇ ಎರಡು ಟೈರಿನ ಪಾಲಿಗೆ ಬಿದ್ದು, ಮೂಗು ಹೊರಗೆ ಹೊರಗೆ ಜಾರಲು ಶುರು. ಒಂದೇ ರೇಸಿನಲ್ಲಿ ಮೂರು ಹೊತ್ತು, ಮೂರು ಬಗೆಯ ಬಲಾಬಲ. ಸದ್ದು ಪೂರ್ತಿ ಇಳಿಸಿ ನೋಡಿದೆ, ಮಳೆಯ ದಿನದ ದೂರದ ಶಾಟ್‌ನಲ್ಲೂ ಯಾವುದು ಯಾವುದು ಅಂತ ತಪ್ಪಿಲ್ಲದೆ ಹೇಳಿದೆ. ಬಾಲ ಅಲ್ಲಾಡಿಸಿದ್ದು ಬಿಎಂಡಬ್ಲ್ಯು.

ಇದೇ ನಿಯಮದಲ್ಲಿ 2016ರಲ್ಲಿ ಸುಬಾರು ಲೆವೊರ್ಗ್ ಬಂತು. ಉದ್ದ ಡಿಕ್ಕಿಯ ಎಸ್ಟೇಟ್ ಕಾರು, ಕೆಳಗೆ ಮಲಗಿದ ಬಾಕ್ಸರ್ ಎಂಜಿನ್, ಹಿಂದಿನ ಚಕ್ರಕ್ಕೆ ಬಲ. ರಸ್ತೆಯ ಸುಬಾರುವಿಗೂ ಇದಕ್ಕೂ ಸಂಬಂಧ ಹುಡುಕಬೇಡಿ. 2017ರಲ್ಲಿ ಆಶ್ಲಿ ಸಟನ್ ಅದರಲ್ಲೇ ಚಾಂಪಿಯನ್ ಆದ. ಮುಂದೆ 2020, 2021ರಲ್ಲಿ ಅವನೇ ಇನ್ಫಿನಿಟಿ ಕ್ಯೂ50 ಓಡಿಸಿ ಗೆದ್ದ, ಅದೂ ಹಿಂದಿನ ಚಕ್ರದ್ದು. 2023ರಲ್ಲಿ ಫೋರ್ಡ್ ಫೋಕಸ್‌ನಲ್ಲಿ ಮತ್ತೆ ಗೆದ್ದ, ಅದು ಮುಂದಿನ ಚಕ್ರದ್ದು. ಒಬ್ಬನೇ ಮನುಷ್ಯ ಎರಡು ಬಗೆಯ ಕಾರನ್ನು ಪಳಗಿಸಿದ್ದನ್ನು ನೋಡುವುದೇ ಒಂದು ಸೊಗಸು, ಟಿಸಿಆರ್‌ನಲ್ಲಿ ಈ ಸೊಗಸಿಗೆ ಜಾಗವೇ ಇಲ್ಲ.

ದೂರು ಇಲ್ಲವಾ? ಇದೆ. ಕಣ್ಣು ಮುಚ್ಚುವ ಪರೀಕ್ಷೆಯಲ್ಲಿ ಬಿಟಿಸಿಸಿ ಕೂಡ ಒದ್ದಾಡುತ್ತದೆ. ಎಲ್ಲವೂ ಎರಡು ಲೀಟರ್ ಟರ್ಬೊ. ಮತ್ತೆ ಗ್ರಿಡ್ ತುಂಬಾ ಒಂದೇ ಮಾದರಿಯ ನಾಲ್ಕೈದು ಕಾರು ತುಂಬಿಕೊಂಡಾಗ ಕಣ್ಣಿಗೂ ಬೇಸರ. ಆದರೂ ಐದಕ್ಕೆ ನಾಲ್ಕು.

ಈಗ ಹಳೆಯ ರೆಕಾರ್ಡಿಂಗ್. 1994ರ ಬಿಟಿಸಿಸಿ. ಆಲ್ಫಾ ರೋಮಿಯೊ, ಬಿಎಂಡಬ್ಲ್ಯು, ಫೋರ್ಡ್, ಮಾಜ್ದಾ, ನಿಸ್ಸಾನ್, ಪ್ಯೂಜೊ, ರೆನೊ, ಟೊಯೋಟಾ, ವಾಕ್ಸ್‌ಹಾಲ್, ವೋಲ್ವೊ. ಎಣಿಸಿ, ಹತ್ತು. ಎಲ್ಲವೂ ಎರಡು ಲೀಟರ್, ಟರ್ಬೊ ಇಲ್ಲ, ಎಂಜಿನ್ ನಿಮಿಷಕ್ಕೆ 8,500 ಸುತ್ತು ಮೀರುವಂತಿಲ್ಲ. ಆದರೆ ಎರಡು ಲೀಟರನ್ನು ಹೇಗೆ ಹಂಚಿಕೊಳ್ಳಬೇಕು ಅನ್ನುವುದು ನಿಮ್ಮಿಷ್ಟ. ವೋಲ್ವೊ ಐದು ಸಿಲಿಂಡರ್ ಇಟ್ಟಿತು, ಫೋರ್ಡ್ ಮೊಂಡಿಯೊ ಆರು ಸಿಲಿಂಡರಿನ ವಿ6 ಇಟ್ಟಿತು, ಉಳಿದ ಹಲವರು ನಾಲ್ಕು. ಕಣ್ಣು ಮುಚ್ಚಿ ಕೂತೆ. ಮೊಂಡಿಯೊ ಬಂದರೆ ರೇಷ್ಮೆ ಹರಿದ ಹಾಗೆ ಒಂದು ಸದ್ದು, ವೋಲ್ವೊ ಬಂದರೆ ಗಂಟಲು ಕಟ್ಟಿದವನು ಕೂಗಿದ ಹಾಗೆ ಇನ್ನೊಂದು. ಮೂವತ್ತು ವರ್ಷ ಹಳೆಯ ರೆಕಾರ್ಡಿಂಗ್, ಕಳಪೆ ಮೈಕ್, ಆದರೂ ಹತ್ತರಲ್ಲಿ ಏಳು ಸಲ ಸರಿಯಾಗಿ ಹೇಳಿದೆ.

ಆ ವೋಲ್ವೊದ ಬಗ್ಗೆ ಹೇಳಲೇಬೇಕು. 850 ಎಸ್ಟೇಟ್. ಸಾಮಾನು ಸಾಗಿಸುವ ಮನೆ ಕಾರನ್ನು ರೇಸಿಗೆ ತಂದಾಗ ಎಲ್ಲರೂ ನಕ್ಕರು. ರಿಕಾರ್ಡ್ ರೈಡೆಲ್ ಮತ್ತು ಯಾನ್ ಲ್ಯಾಮರ್ಸ್ ಓಡಿಸಿದರು. ಜನ ತಮಾಷೆ ಮಾಡಿದ್ದು ಜಾಸ್ತಿಯಾದಾಗ ತಂಡದವರು ಪೆರೇಡ್ ಲ್ಯಾಪ್‌ನಲ್ಲಿ, ಅಂದರೆ ಜನರಿಗೆ ಕಾಣಿಸಲು ಹೊಡೆಯುವ ಮೆರವಣಿಗೆ ಸುತ್ತಿನಲ್ಲಿ, ಡಿಕ್ಕಿಯಲ್ಲಿ ಒಂದು ದೊಡ್ಡ ಗೊಂಬೆ ನಾಯಿ ಕೂರಿಸಿಕೊಂಡು ಹೋದರಂತೆ. ಒಂದು ರೇಸೂ ಗೆಲ್ಲಲಿಲ್ಲ ಆ ಕಾರು. ಆದರೆ ಆ ವರ್ಷ ಪಟ್ಟ ಗೆದ್ದ ಆಲ್ಫಾ 155ಕ್ಕಿಂತ ಹೆಚ್ಚು ಜನರ ನೆನಪಿನಲ್ಲಿ ಉಳಿದದ್ದು ಬಹುಶಃ ಇದೇ.

ಆಲ್ಫಾದ ಕತೆಯೂ ಇದಕ್ಕೆ ಅಂಟಿಕೊಂಡಿದೆ. ಅವರು ರಸ್ತೆಗೆ ಮಾರುವ ಒಂದು ವಿಶೇಷ 155 ಮಾಡಿ, ರೆಕ್ಕೆಯ (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ ಪಟ್ಟಿ) ತುಂಡುಗಳನ್ನು ಅದರ ಡಿಕ್ಕಿಯಲ್ಲಿ ಇಟ್ಟು ಕೊಟ್ಟರು. ಗಿರಾಕಿ ಬೇಕಾದರೆ ಜೋಡಿಸಿಕೊಳ್ಳಲಿ! ಕಾರಿನ ಜೊತೆ ಮಾರಿದ್ದೇವೆ, ಹಾಗಾಗಿ ರೇಸ್ ಕಾರಿಗೂ ಅದೇ ರೆಕ್ಕೆ ಸರಿ ಅಂತ ವಾದ. ಉಳಿದವರು ದೂರು ಕೊಟ್ಟರು, ಔಲ್ಟನ್ ಪಾರ್ಕ್‌ನಲ್ಲಿ ಆಲ್ಫಾ ತಂಡ ಮುನಿಸಿಕೊಂಡು ಗಂಟುಮೂಟೆ ಕಟ್ಟಿ ಹೊರಟೇ ಹೋಯಿತು, ಆಮೇಲೆ ಮರಳಿ ಬಂದು ಗಾಬ್ರಿಯೆಲೆ ತಾರ್ಕ್ವಿನಿ ಚಾಂಪಿಯನ್ ಆದ. ಮುಂದಿನ ವರ್ಷ ಎಲ್ಲರಿಗೂ ರೆಕ್ಕೆ ಬಿಟ್ಟರು. ಎಸ್ಟೇಟ್‌ನ ಉದ್ದ ಛಾವಣಿಗೆ ಆ ರೆಕ್ಕೆ ಲಾಭ ಕೊಡುವುದಿಲ್ಲ, ಹಾಗಾಗಿ ವೋಲ್ವೊ 1995ರಲ್ಲಿ ಮಾಮೂಲಿ ಸೆಡಾನ್‌ಗೆ ಬಂತು. ಒಂದು ಕಾರಿಗೆ ಸಿಕ್ಕ ಅನುಕೂಲ ಎಲ್ಲರಿಗೂ ಹಂಚಿದ ಕೂಡಲೇ ಇನ್ನೊಂದು ಬಗೆಯ ಕಾರು ಮನೆಗೆ ಹೋಯಿತು, ಗಮನಿಸಿದಿರಾ?

1996ರಲ್ಲಿ ಆಡಿ ಎ4 ಕ್ವಾಟ್ರೊ ಬಂತು. ನಾಲ್ಕೂ ಚಕ್ರಕ್ಕೆ ಬಲ. ಶುರುವಿನಿಂದಲೇ ಫ್ರಾಂಕ್ ಬಿಯೆಲಾ ಗೆಲ್ಲುತ್ತಾ ಹೋದ, ಸೀಸನ್ ನಡುವೆ ಇನ್ನೂ ತೂಕ ಹೊರಿಸಿದರು, ಆದರೂ ಪಟ್ಟ ಅವನದೇ. ಎರಡೇ ವರ್ಷದಲ್ಲಿ ನಾಲ್ಕು ಚಕ್ರದ ಬಲಕ್ಕೇ ನಿಷೇಧ. ನನಗೆ ಇದು ಇವತ್ತಿಗೂ ಹೊಟ್ಟೆಯುರಿ. ತೂಕ ಹೊರಿಸಿ ಉಳಿಸಿಕೊಳ್ಳಬಹುದಿತ್ತು ಅನ್ನುವುದು ನನ್ನ ವಾದ. ಆವತ್ತು ಎದುರಾಳಿ ತಂಡದಲ್ಲಿ ಕೆಲಸ ಮಾಡಿದ್ದರೆ ಬೇರೆ ಥರ ಮಾತಾಡುತ್ತಿದ್ದೆನೋ ಏನೋ.

ಹಾಗಂತ ಆ ಕಾಲವೇ ಸ್ವರ್ಗ, ಅದನ್ನೇ ವಾಪಸ್ ತನ್ನಿ ಅಂತ ನಾನು ಹೇಳುವುದಿಲ್ಲ. ಆ ಸ್ವರ್ಗಕ್ಕೆ ಬಿಲ್ ಕಟ್ಟುತ್ತಿದ್ದವರು ಕಂಪನಿಗಳು. ಹತ್ತು ಕಂಪನಿ ಬಂದರೆ ಗೆಲ್ಲುವುದು ಒಂದೇ. ಉಳಿದ ಒಂಬತ್ತು ಕಂಪನಿಗಳ ಆಫೀಸಿನಲ್ಲಿ ಪ್ರತಿ ಡಿಸೆಂಬರ್‌ಗೆ ಒಬ್ಬ ಲೆಕ್ಕದವನು ಎದ್ದು ನಿಂತು, ಇಷ್ಟು ಖರ್ಚು ಮಾಡಿ ನಮಗೆ ಬಂದದ್ದೇನು ಅಂತ ಕೇಳುತ್ತಾನೆ. 2000ದ ಹೊತ್ತಿಗೆ ಬಿಟಿಸಿಸಿಯಲ್ಲಿ ಉಳಿದ ಕಂಪನಿ ತಂಡಗಳು ಮೂರು: ಫೋರ್ಡ್, ಹೋಂಡಾ, ವಾಕ್ಸ್‌ಹಾಲ್. ಆ ವರ್ಷ ಮುಗಿದ ಮೇಲೆ ಆ ನಿಯಮವನ್ನೇ ಬಿಟ್ಟು ಹೊಸದು ತರಬೇಕಾಯಿತು. ಜರ್ಮನಿಯಲ್ಲಿ ಇನ್ನೂ ಬೇಗ. ಹಳೆಯ ಡಿಟಿಎಂ 1996ರಲ್ಲಿ ಅಂತರರಾಷ್ಟ್ರೀಯ ಸರಣಿಯಾಗಿ ಬೆಳೆದು, ಕಾರುಗಳ ಖರ್ಚು ಆಕಾಶಕ್ಕೆ ಹೋಗಿ, ಒಪೆಲ್ ಮತ್ತು ಆಲ್ಫಾ ಹೊರಟ ಕೂಡಲೇ ಅದೇ ವರ್ಷ ಸತ್ತೇ ಹೋಯಿತು.

ಟೂರಿಂಗ್ ಕಾರುಗಳ ವಿಶ್ವ ಚಾಂಪಿಯನ್‌ಷಿಪ್, ಅಂದರೆ ಡಬ್ಲ್ಯುಟಿಸಿಸಿ, 2014ರಲ್ಲಿ ನಿಯಮ ಸಡಿಲಿಸಿ ವೇಗದ ಕಾರು ಬಿಟ್ಟಾಗಲೂ ಇದೇ ಕತೆ: ಸಿಟ್ರೊಯೆನ್ ದುಡ್ಡು ಸುರಿದು ಸಿ-ಎಲಿಸೀ ತಂದಿತು, ಹೋಸೆ ಮರಿಯಾ ಲೋಪೆಸ್ ಮೂರು ವರ್ಷ ಸತತ ಚಾಂಪಿಯನ್, 2016ರ ನಂತರ ಕಂಪನಿ ಹೊರಗೆ, 2017 ಆ ಸರಣಿಯ ಕೊನೆಯ ವರ್ಷ. ಅದಕ್ಕೂ ಹಿಂದೆ ಇದೇ ಸರಣಿಯಲ್ಲಿ ಸೆಯಾಟ್ ಡೀಸೆಲ್ ಕಾರಿನಲ್ಲಿ 2008, 2009ರ ಪಟ್ಟ ಹೊಡೆದಿತ್ತು. ಬಿಎಂಡಬ್ಲ್ಯು ಹಿಂದಿನಿಂದ ತಳ್ಳುತ್ತಿತ್ತು, ಸೆಯಾಟ್ ಸದ್ದೇ ಇಲ್ಲದೆ ತಿರುವಿನಿಂದ ಎದ್ದು ಬರುತ್ತಿತ್ತು, ಷೆವ್ರೊಲೆಟ್ ಪೆಟ್ರೋಲಿನಲ್ಲಿ ಎಳೆಯುತ್ತಿತ್ತು. ಆಗ ಅದನ್ನು ನಾನು ಬೋರು ಅಂತ ಬೈದಿದ್ದೆ. ಈಗ ಕಿವಿ ಹಿಂಡಿಕೊಳ್ಳಬೇಕು ಅನ್ನಿಸುತ್ತದೆ.

ಡಿಟಿಎಂ ಬಗ್ಗೆ ಜಾಸ್ತಿ ಬರೆಯುವುದಿಲ್ಲ. 2000ದಲ್ಲಿ ಮತ್ತೆ ಹುಟ್ಟಿತು. ಒಪೆಲ್ 2005ರ ನಂತರ ಹೋಯಿತು. 2006ರಿಂದ 2011ರವರೆಗೆ ಆಡಿ ಮತ್ತು ಮರ್ಸಿಡಿಸ್ ಇಬ್ಬರೇ ಮುಖ ಮುಖ ನೋಡಿಕೊಂಡು ಓಡಿದರು. 2012ಕ್ಕೆ ಬಿಎಂಡಬ್ಲ್ಯು ಬಂತು, 2018ಕ್ಕೆ ಮರ್ಸಿಡಿಸ್ ಹೊರಟಿತು, 2020ಕ್ಕೆ ಆಡಿ ಹೊರಟಿತು. 2021ರಿಂದ ಜಿಟಿ3 ಕಾರು, ಅಂದರೆ ದುಬಾರಿ ಸ್ಪೋರ್ಟ್ಸ್ ಕಾರಿನಿಂದ ಮಾಡಿದ ರೇಸ್ ಕಾರು. ಈಗ ಫೆರಾರಿ, ಲ್ಯಾಂಬೊರ್ಗಿನಿ, ಪೋರ್ಷೆ ಎಲ್ಲಾ ಸಿಗುತ್ತವೆ, ಎಂಜಿನ್ ಹಿಂದೆ ಇರುವುದು, ನಡುವೆ ಇರುವುದು, ಮುಂದೆ ಇರುವುದು, ನನ್ನ ಎರಡೂ ಪರೀಕ್ಷೆ ಕಣ್ಣು ಮಿಟುಕಿಸದೆ ಪಾಸು. ಒಂದೇ ತೊಂದರೆ, ಅದು ಟೂರಿಂಗ್ ಕಾರ್ ಅಲ್ಲ. ನಾಲ್ಕು ಜನ ಕೂತು ಹೋಗುವ ಕಾರು ರೇಸ್ ಆಡುವುದನ್ನು ನೋಡಲು ಬಂದವನಿಗೆ ಸೂಪರ್‌ಕಾರು ತೋರಿಸಿದರೆ ಹೇಗೆ? ಅಂಕ ಕೊಡುವುದಿಲ್ಲ, ಬೇರೆ ಅಂಗಡಿ ಅದು.

ಆಸ್ಟ್ರೇಲಿಯಾದ ಸೂಪರ್‌ಕಾರ್ಸ್ ನನ್ನ ವಾದವನ್ನೇ ತಲೆಕೆಳಗು ಮಾಡಲು ಬಂದ ಹಾಗಿದೆ. ಅಲ್ಲಿ ಎಷ್ಟೋ ವರ್ಷ ಎರಡೇ ಕಾರು: ಫೋರ್ಡ್ ಫಾಲ್ಕನ್, ಹೋಲ್ಡನ್ ಕೊಮೊಡೋರ್. 1991, 1992ರಲ್ಲಿ ನಿಸ್ಸಾನ್ ಸ್ಕೈಲೈನ್ ಜಿಟಿ-ಆರ್ ಅಲ್ಲಿನ ಅತಿ ದೊಡ್ಡ ರೇಸ್ ಬಾಥರ್ಸ್ಟ್ ಗೆದ್ದಾಗ ಜನಕ್ಕೆ ತಡೆಯಲಾಗಲಿಲ್ಲ. 1992ರಲ್ಲಿ ಮಳೆಯಿಂದ ರೇಸ್ ನಿಂತು, ಅದಕ್ಕೆ ಮುಂಚಿನ ಲ್ಯಾಪ್‌ನ ಲೆಕ್ಕ ಹಿಡಿದದ್ದರಿಂದ, ಆ ಹೊತ್ತಿಗೆ ಕಾರು ಗುದ್ದಿಸಿಕೊಂಡಿದ್ದ ನಿಸ್ಸಾನಿನ ಜಿಮ್ ರಿಚರ್ಡ್ಸ್ ಮತ್ತು ಮಾರ್ಕ್ ಸ್ಕೈಫ್ ಜೋಡಿಗೇ ಗೆಲುವು ಸಿಕ್ಕಿತು. ಕೆಳಗೆ ನಿಂತ ಜನ ಬೈದರು, ರಿಚರ್ಡ್ಸ್ ಮೈಕ್ ಹಿಡಿದು ವಾಪಸ್ ಬೈದ. 1993ರಿಂದ ನಿಯಮವೇ ಬೇರೆ, ಎಂಟು ಸಿಲಿಂಡರಿನ ವಿ8 ಫೋರ್ಡ್ ಮತ್ತು ಹೋಲ್ಡನ್. ಅಂದರೆ ಬಗೆಬಗೆಯ ಕಾರು ಬೇಡ, ನಮಗೆ ನಮ್ಮ ಜಗಳ ಸಾಕು ಅಂತ ನೋಡುಗರೇ ಹೇಳಿದ ಹಾಗೆ ಆಯಿತು!

2013ರಲ್ಲಿ ಬಾಗಿಲು ತೆರೆದರು. ನಿಸ್ಸಾನ್ ಆಲ್ಟಿಮಾ, ಮರ್ಸಿಡಿಸ್ ಇ63 ಬಂದವು, 2014ಕ್ಕೆ ವೋಲ್ವೊ ಎಸ್60. ಆರೇಳು ವರ್ಷದಲ್ಲಿ ಮೂರೂ ಹೋದವು. ಆ ಹೊತ್ತಿಗೆ ಆಸ್ಟ್ರೇಲಿಯಾದಲ್ಲಿ ಫೋರ್ಡ್ ಮತ್ತು ಹೋಲ್ಡನ್ ಕಾರ್ಖಾನೆಗಳೇ ಮುಚ್ಚಿದ್ದವು. 2023ರಿಂದ ಫೋರ್ಡ್ ಮಸ್ಟ್ಯಾಂಗ್ ಎದುರು ಷೆವ್ರೊಲೆಟ್ ಕಮಾರೊ. ಚಾಸಿ, ಅಂದರೆ ಕಾರಿನ ಚೌಕಟ್ಟು, ಒಂದೇ, ಆದರೆ ಎಂಜಿನ್ ಬೇರೆ: ಫೋರ್ಡ್ 5.4 ಲೀಟರ್, ನಾಲ್ಕು ಕ್ಯಾಮ್‌ಷಾಫ್ಟ್; ಷೆವ್ರೊಲೆಟ್ 5.7 ಲೀಟರ್, ಹಳೇ ಕಾಲದ ಪುಶ್‌ರಾಡ್. ಕಣ್ಣು ಮುಚ್ಚಿದರೆ ಗೊತ್ತಾಗುತ್ತದೆ, ಒಂದು ಕಿರುಚುತ್ತದೆ, ಒಂದು ಗುಡುಗುತ್ತದೆ. ಏಳು ಲೋಗೊ ಇದ್ದ ಟಿಸಿಆರ್ ಸೋತ ಪರೀಕ್ಷೆಯಲ್ಲಿ ಎರಡೇ ಕಾರಿನ ಸೂಪರ್‌ಕಾರ್ಸ್ ಗೆದ್ದಿತು.

ಬರೀ ಎರಡೇ ಕಾರು ಇದ್ದರೂ ಸಮ ಮಾಡುವ ಗಲಾಟೆ ತಪ್ಪುವುದಿಲ್ಲ ಅನ್ನುವುದು 2023ರಲ್ಲಿ ಗೊತ್ತಾಯಿತು. ಫೋರ್ಡ್ ಕಡೆಯವರು ನಮ್ಮ ಕಾರಿಗೆ ಗಾಳಿಯ ಒತ್ತು ಕಮ್ಮಿ ಅಂತ ವರ್ಷವಿಡೀ ಗೋಳಾಡಿದರು, ಕೊನೆಗೆ ಎರಡೂ ಕಾರುಗಳನ್ನು ಅಮೆರಿಕಕ್ಕೆ ಕಳಿಸಿ ಗಾಳಿ ಹಾಯಿಸಿ ನೋಡುವ ವಿಂಡ್ ಟನಲ್‌ನಲ್ಲಿ ಅಳೆಸಿದರು. 2026ರ ಸೀಸನ್‌ಗೆ ಟೊಯೋಟಾ ಜಿಆರ್ ಸುಪ್ರಾ ಸೇರುವುದಾಗಿ 2024ರಲ್ಲೇ ಘೋಷಣೆ ಆಗಿತ್ತು, ಅದೂ ವಿ8 ಎಂಜಿನ್ ಹೊತ್ತು. ಶೋರೂಮಿನಲ್ಲಿ ವಿ8 ಸುಪ್ರಾ ಕೇಳಿ ನೋಡಿ, ಸೇಲ್ಸ್‌ನವನು ನಿಮ್ಮ ಮುಖ ನೋಡುತ್ತಾನೆ. ಮೂರೂವರೆ ಅಂಕ.

ಇನ್ನು ನಾನು ನಿಜವಾಗಿ ಆಸೆಪಡುವುದು ಯಾವುದನ್ನು ಅಂದರೆ ಎಲ್ಲಕ್ಕಿಂತ ಹಳೆಯದನ್ನು. 1958ರಲ್ಲಿ ಶುರುವಾದಾಗಿನಿಂದ 1990ರವರೆಗೆ ಬ್ರಿಟನ್ನಿನ ಸರಣಿಯಲ್ಲಿ ಬಹುತೇಕ ವರ್ಷ ಎಂಜಿನ್ ಗಾತ್ರದ ಮೇಲೆ ವರ್ಗಗಳಿದ್ದವು, ಎಲ್ಲವೂ ಒಂದೇ ಟ್ರ್ಯಾಕಿನಲ್ಲಿ ಒಟ್ಟಿಗೆ. ಅರವತ್ತರ ದಶಕದ ಕಪ್ಪುಬಿಳುಪು ತುಣುಕು ಸಿಕ್ಕರೆ ನೋಡಿ. ಹಡಗಿನಂಥ ಫೋರ್ಡ್ ಗ್ಯಾಲಕ್ಸಿ ನೇರ ರಸ್ತೆಯಲ್ಲಿ ಭೂಮಿ ಅಲ್ಲಾಡಿಸಿಕೊಂಡು ಹೋಗುತ್ತದೆ, ಬ್ರೇಕ್ ಹಿಡಿಯುವ ಜಾಗ ಬಂದಾಗ ಅದರ ಪಕ್ಕದಲ್ಲಿ ಮಿನಿಯೊಂದು ಇಲಿಯ ಹಾಗೆ ತೂರಿಕೊಂಡು ಹೋಗಿರುತ್ತದೆ, ಮುಂದಿನ ನೇರಕ್ಕೆ ಗ್ಯಾಲಕ್ಸಿ ಮತ್ತೆ ಹಿಡಿಯುತ್ತದೆ. 1970, 71, 72, ಮೂರು ವರ್ಷ ಸತತ ಚಾಂಪಿಯನ್ ಆದ ಬಿಲ್ ಮೆಕ್‌ಗವರ್ನ್ ಓಡಿಸಿದ್ದು ಸನ್‌ಬೀಮ್ ಇಂಪ್. ಹಿಂದೆ ಎಂಜಿನ್ ಇರುವ, ಒಂದು ಲೀಟರೂ ಇಲ್ಲದ ಪುಟಾಣಿ ಕಾರು! ಅಂಕ ವರ್ಗವಾರು ಕೊಡುತ್ತಿದ್ದರು, ಹಾಗಾಗಿ ತನ್ನ ವರ್ಗದಲ್ಲಿ ಗೆದ್ದವನು ಒಟ್ಟು ಪಟ್ಟವನ್ನೂ ಎತ್ತಬಹುದಿತ್ತು.

ಇದರ ತೊಡಕೂ ಅಲ್ಲೇ. 1989ರಲ್ಲಿ ಕಣ್ಣ ಮುಂದೆ ರೇಸ್ ಗೆಲ್ಲುತ್ತಿದ್ದವು ಬೆಂಕಿ ಉಗುಳುವ ಫೋರ್ಡ್ ಸಿಯೆರಾ ಆರ್‌ಎಸ್500ಗಳು, ವರ್ಷದ ಕೊನೆಗೆ ಚಾಂಪಿಯನ್ ಆದದ್ದು ಸಣ್ಣ ವರ್ಗದ ವಾಕ್ಸ್‌ಹಾಲ್ ಆಸ್ಟ್ರಾದ ಜಾನ್ ಕ್ಲೆಲೆಂಡ್. ಟಿವಿ ಮುಂದೆ ಕೂತವನಿಗೆ ಇದನ್ನು ಹೇಗೆ ವಿವರಿಸುತ್ತೀರಿ? ಅದಕ್ಕೇ 1991ರಿಂದ ಎಲ್ಲರಿಗೂ ಎರಡು ಲೀಟರ್ ಅಂತ ಮಾಡಿದರು. ಆದರೆ ಈಗ ಪರದೆ ಮೇಲೆ ಒಂದು ಸಾಲಿನಲ್ಲಿ ವರ್ಗದ ಬಣ್ಣ ತೋರಿಸುವುದು ಏನು ಕಷ್ಟ? ಬೇರೆ ಬೇರೆ ವರ್ಗದ ಕಾರು ಒಟ್ಟಿಗೆ ಓಡುವ ಇಪ್ಪತ್ನಾಲ್ಕು ಗಂಟೆ ರೇಸನ್ನು ಜನ ನಿದ್ದೆಗೆಟ್ಟು ನೋಡುತ್ತಾರಲ್ಲ.

ಹಾಗಾದರೆ ಟೂರಿಂಗ್ ಕಾರ್ ರೇಸ್‌ಗೆ ಜಾಸ್ತಿ ಬಗೆಯ ಕಾರು ಬೇಕಾ? ಬೇಕು. ಆದರೆ ಹನ್ನೊಂದನೇ ಲೋಗೊ ಬೇಡ. ಎಳೆಯುವುದು ಒಂದು, ತಳ್ಳುವುದು ಒಂದು, ಸಾಧ್ಯವಾದರೆ ನಾಲ್ಕೂ ಚಕ್ರದ್ದು ತೂಕ ಹೊತ್ತು ಬರಲಿ. ಮೂರು ಸಿಲಿಂಡರೂ ಬರಲಿ, ಆರೂ ಬರಲಿ. ಉಳಿದ ಸಬ್‌ಫ್ರೇಮ್, ಬ್ರೇಕ್, ಗೇರ್‌ಬಾಕ್ಸ್ ಎಲ್ಲಾ ಎಲ್ಲರಿಗೂ ಒಂದೇ ಇರಲಿ, ನನಗೆ ಅದರಲ್ಲಿ ಯಾವ ಸೆಂಟಿಮೆಂಟೂ ಇಲ್ಲ, ಖರ್ಚು ಅಲ್ಲೇ ಉಳಿಯುವುದು. ಬ್ರೇಕ್ ಯಾವ ಕಂಪನಿಯದು ಅಂತ ನೋಡಲು ಯಾರೂ ಟಿಕೆಟ್ ತಗೊಳ್ಳುವುದಿಲ್ಲ.

ಕಾರಿನ ಆಕಾರ ಮಾತ್ರ ನಾವು ಕೇಳದೆಯೇ ಬದಲಾಗುತ್ತಿದೆ. ಜನ ಸೆಡಾನ್ ಬಿಟ್ಟು ಎಸ್‌ಯುವಿ ಕೊಳ್ಳುತ್ತಿದ್ದಾರೆ. ಯುರೋಪಿನಲ್ಲಿ ಫೋರ್ಡ್ ಮೊಂಡಿಯೊ 2022ರಲ್ಲೇ ನಿಂತಿತು. ಬ್ರೆಜಿಲ್‌ನ ಸ್ಟಾಕ್ ಕಾರ್ ಸರಣಿ 2025ರಲ್ಲಿ ಎಸ್‌ಯುವಿಗೇ ಇಳಿಯಿತು: ಷೆವ್ರೊಲೆಟ್ ಟ್ರ್ಯಾಕರ್, ಟೊಯೋಟಾ ಕೊರೊಲಾ ಕ್ರಾಸ್, ಮಿತ್ಸುಬಿಷಿ ಎಕ್ಲಿಪ್ಸ್ ಕ್ರಾಸ್. ಮೊದಲು ನೋಡಿದಾಗ ನಗು ಬಂತು. ಆಮೇಲೆ ಆ ವೋಲ್ವೊ ಎಸ್ಟೇಟ್ ಬಂದಾಗಲೂ ಜನ ಹೀಗೇ ನಕ್ಕಿದ್ದರು ಅಂತ ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಅಕ್ಕನ ಮಗ ಮೊನ್ನೆ ಮತ್ತೆ ಬಂದಿದ್ದ. ಹೊಸ ರೇಸ್ ಹಾಕಿದೆ, ಎರಡು ನಿಮಿಷಕ್ಕೆ ಎದ್ದು ಹೋದ. 1994ರ ರೆಕಾರ್ಡಿಂಗ್ ಹಾಕಿದೆ, ವಾಪಸ್ ಬಂದು ಕೂತ. ಪರದೆಯ ಮೂಲೆಯಲ್ಲಿ ಉದ್ದ ಬೆನ್ನಿನ ಒಂದು ಕಾರು ತಿರುವು ಹಾದು ಬಂತು, ಎಲ್ಲೋ ಹಿಂದಿನ ಸಾಲಿನಲ್ಲಿ.

"ಮಾಮ, ಆ ಉದ್ದ ಡಿಕ್ಕಿ ಕಾರು ಗೆಲ್ಲುತ್ತಾ?"

"ಇಲ್ಲ ಕಣೋ. ಒಂದು ರೇಸೂ ಗೆಲ್ಲಲಿಲ್ಲ ಅದು."

"ಆದ್ರೂ ಹಾಕು," ಅಂದ.